'ಮಿಲಿಟರಿ' ಸೇರುವವರ ಮುಂದೆ ಎರಡು ಬಾಗಿಲು

ಮಂಡ್ಯ: ಪುಲ್ವಾಮಾದಲ್ಲಿ 2019ರ ಫೆಬ್ರವರಿ 14ರಂದು ಹುತಾತ್ಮರಾದ ಮದ್ದೂರು ತಾಲ್ಲೂಕು ಗುಡಿಗೆರೆಯ ಎಚ್. ಗುರು ಅವರು ಸೇವೆ ಸಲ್ಲಿಸುತ್ತಿದ್ದುದು ಭೂಸೇನೆಯಲ್ಲಲ್ಲ. ಕೇಂದ್ರ ಗೃಹ ಸಚಿವಾಲಯದ ಅಧೀನದಲ್ಲಿರುವ ಸಿಆರ್‌ಪಿಎಫ್‌ನಲ್ಲಿ. ಊರಿನ ಮಾತಿನಲ್ಲಿ ಎರಡೂ 'ಮಿಲಿಟರಿ'ಯೇ. ಗೌರವ ಸಲ್ಲಿಸುವಾಗ ಆ ವ್ಯತ್ಯಾಸ ಯಾರಿಗೂ ಬೇಕಿಲ್ಲ. ಆದರೆ ನೌಕರಿಯ ದಾರಿ ಹುಡುಕುವ ಮದ್ದೂರು, ಮಳವಳ್ಳಿಯ ರೈತರ ಮಕ್ಕಳಿಗೆ 2022ರ ನಂತರ ಅದೇ ನಿರ್ಣಾಯಕವಾಗಿದೆ.

2022ರ ಜೂನ್ 14ರಂದು ಪ್ರಕಟವಾದ ಅಗ್ನಿಪಥ ಯೋಜನೆಯಂತೆ ಅಗ್ನಿವೀರನ ಸೇವಾವಧಿ 4 ವರ್ಷ. ಮೊದಲ ವರ್ಷ ಮಾಸಿಕ 30 ಸಾವಿರ, ಕೊನೆಯ ವರ್ಷ 40 ಸಾವಿರ ರೂಪಾಯಿ ವೇತನ. ಹೊರಬರುವಾಗ ಬಡ್ಡಿ ಸೇರಿ ಸುಮಾರು 11.71 ಲಕ್ಷ ರೂಪಾಯಿ ಸೇವಾ ನಿಧಿ. ಪಿಂಚಣಿಯಿಲ್ಲ, ಗ್ರಾಚ್ಯುಟಿಯೂ ಇಲ್ಲ. ಕಾಯಂ ಆಗುವವರು ಗರಿಷ್ಠ ಶೇ. 25 ಎಂದು ಯೋಜನೆ ಹೇಳಿತ್ತು. ಸಿಆರ್‌ಪಿಎಫ್, ಬಿಎಸ್‌ಎಫ್ ಕಾನ್‌ಸ್ಟೆಬಲ್ ನೌಕರಿಯಾದರೋ 60 ವರ್ಷದವರೆಗಿನದು. ಅದಕ್ಕೆ ಸಿಬ್ಬಂದಿ ನೇಮಕಾತಿ ಆಯೋಗ, ಅಂದರೆ ಎಸ್‌ಎಸ್‌ಸಿ ಪರೀಕ್ಷೆ ನಡೆಸುತ್ತದೆ.

ಆಯ್ಕೆಯ ಕ್ರಮವೂ ಬದಲಾಗಿದೆ. ಹಿಂದೆ ರ‍್ಯಾಲಿಯಲ್ಲಿ ಓಟ ಗೆದ್ದವನು ಲಿಖಿತ ಪರೀಕ್ಷೆಗೆ ಕೂರುತ್ತಿದ್ದ. 2023ರಿಂದ ಸೇನೆ ಇದನ್ನು ತಲೆಕೆಳಗು ಮಾಡಿತು. ಗಣಕಯಂತ್ರದ ಮುಂದೆ ಪರೀಕ್ಷೆ ಗೆಲ್ಲದವನಿಗೆ ಮೈದಾನಕ್ಕೆ ಪ್ರವೇಶವೇ ಇಲ್ಲ. ಹೀಗಿದ್ದೂ ಸಿದ್ಧತೆಯೆಂದರೆ ಬೆಳಗಿನ ಓಟವೆಂಬ ನಂಬಿಕೆ ಸುಲಭಕ್ಕೆ ಅಳಿಯುವಂಥದ್ದಲ್ಲ. ಸೇನೆಯ 1.6 ಕಿ.ಮೀ. ಓಟವನ್ನು ಐದೂವರೆ ನಿಮಿಷದಲ್ಲಿ ಮುಗಿಸಿದವನಿಗೆ ಪೂರ್ಣ 60 ಅಂಕ ದೊರೆಯುತ್ತದೆ, ನಿಜ. ಆದರೆ ಎಸ್‌ಎಸ್‌ಸಿ ವಿಧಿಸುವ 5 ಕಿ.ಮೀ. ಓಟವನ್ನು 24 ನಿಮಿಷದೊಳಗೆ ಮುಗಿಸಿದರೆ ಸಾಕು, ಅದಕ್ಕೆ ಅಂಕವಿಲ್ಲ. ಅಲ್ಲಿ ಗಣಿತವೇ ಓಟಕ್ಕಿಂತ ದೊಡ್ಡದು!

ಭಾಷೆಯ ಅಡ್ಡಿಯಂತೂ ತಡವಾಗಿಯಾದರೂ ನಿವಾರಣೆಯಾಗಿದೆ. ಎಸ್‌ಎಸ್‌ಸಿ ಈ ಕಾನ್‌ಸ್ಟೆಬಲ್ ಪರೀಕ್ಷೆಯನ್ನು 2024ರಲ್ಲಿ, ಸೇನೆ ತನ್ನ ಪರೀಕ್ಷೆಯನ್ನು 2025ರಲ್ಲಿ ಕನ್ನಡದಲ್ಲೂ ನಡೆಸಿದವು.

ಉಳಿದಿರುವುದು ತಾಲ್ಲೂಕು ಕಚೇರಿಯ ಹಂತ. ಎಸ್‌ಎಸ್‌ಸಿಗೆ ರಾಜ್ಯದ 2ಎ, 3ಎ ಪ್ರಮಾಣಪತ್ರ ನಡೆಯದು. ಕೇಂದ್ರ ನಮೂನೆಯ ಒಬಿಸಿ ಪತ್ರವೇ ಬೇಕು. ಅದಿಲ್ಲದಿದ್ದರೆ ಮೀಸಲಾತಿಯ ಜೊತೆಗೆ 3 ವರ್ಷದ ವಯೋ ಸಡಿಲಿಕೆಯೂ ಕೈತಪ್ಪುತ್ತದೆ. ಅಗ್ನಿವೀರರಿಗೆ 2022ರ ಯೋಜನೆಯಲ್ಲಿ ಗೊತ್ತುಪಡಿಸಿದ್ದ ವಯಸ್ಸು ಹದಿನೇಳೂವರೆಯಿಂದ 21. ಎಸ್‌ಎಸ್‌ಸಿಗೆ ಸಾಮಾನ್ಯವಾಗಿ 18ರಿಂದ 23. ಒಂದು ಬಾಗಿಲು ಮುಚ್ಚಿದ ಮೇಲೆ ಇನ್ನೊಂದನ್ನು ತಟ್ಟಲು ಉಳಿಯುವ ಕಾಲ ಬಹಳವೇನಿಲ್ಲ.

2023ರ ಆರಂಭದಲ್ಲಿ ತರಬೇತಿಗೆ ಸೇರಿದ ಮೊದಲ ತಂಡದ ನಾಲ್ಕು ವರ್ಷ 2026ರ ಕೊನೆ, 2027ರ ಆರಂಭದ ಹೊತ್ತಿಗೆ ತುಂಬುತ್ತದೆ. ಮಾಜಿ ಅಗ್ನಿವೀರರಿಗೆ ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳಲ್ಲಿ ಶೇ. 10 ಮೀಸಲಾತಿಯನ್ನು 2022ರಲ್ಲೇ ಘೋಷಿಸಲಾಗಿತ್ತು. ಅಂದರೆ ಸೇನೆಯಿಂದ ಹೊರಬಂದವರೂ ತಟ್ಟುವುದು ಇದೇ ಪಡೆಗಳ ಬಾಗಿಲನ್ನು, ಬಂದೂಕು ಹಿಡಿದು ಪಳಗಿದ ಕೈಯೊಂದಿಗೆ. ಆ ಬಾಗಿಲ ಮುಂದೆ ಮಳವಳ್ಳಿಯ ಹೊಸ ಹುಡುಗನೂ ಇರುತ್ತಾನೆ.