ಓದು ಹತ್ತದಿದ್ದರೆ ತೋಟವಿದೆ ಎನ್ನುವ ಮುನ್ನ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ಮನೆ ಜಗಲಿಗಳಲ್ಲಿ ಒಂದೇ ಚರ್ಚೆ: ‘ಮುಂದೇನು?’ ಒಳ್ಳೆಯ ಅಂಕ ಬಂದವರಿಗೆ ವಿಜ್ಞಾನ, ಆಮೇಲೆ ಇಂಜಿನಿಯರಿಂಗ್, ಆಮೇಲೆ ಬೆಂಗಳೂರು. ಅಂಕ ಕಡಿಮೆಯಾದ ಹುಡುಗನಿಗೆ ಸಮಾಧಾನದ ಮಾತು: ‘ಓದು ಹತ್ತದಿದ್ದರೆ ಬಿಡು, ತೋಟ ಇದ್ದೇ ಇದೆಯಲ್ಲ.’

ಈ ಮಾತಿನಲ್ಲಿ ಎರಡು ತಪ್ಪುಗಳಿವೆ. ತೋಟಕ್ಕೆ ಓದು ಬೇಡ ಎಂಬುದು ಒಂದು. ತೋಟ ಎಂದೆಂದಿಗೂ ಹೀಗೇ ಇರುತ್ತದೆ ಎಂಬುದು ಇನ್ನೊಂದು.

ಎರಡನೆಯದನ್ನೇ ಮೊದಲು ನೋಡಬಹುದು. ಹಳದಿ ಎಲೆ ರೋಗ ದಶಕಗಳಿಂದ ಈ ಭಾಗದ ಅಡಿಕೆ ತೋಟಗಳನ್ನು ಸೊರಗಿಸುತ್ತ ಬಂದಿದೆ. ಅದಕ್ಕೆ ಇಂದಿಗೂ ಖಚಿತವಾದ ಔಷಧವಿಲ್ಲ. ಈಚಿನ ವರ್ಷಗಳಲ್ಲಿ ಎಲೆಚುಕ್ಕಿ ರೋಗವೂ ಸೇರಿಕೊಂಡಿದೆ. ಕೊಳೆರೋಗ ಬೋರ್ಡೋ ದ್ರಾವಣ ಸಿಂಪಡಿಸಿದರೆ ಹತೋಟಿಗೆ ಬಂದೀತು. ಮರ ಹತ್ತುವವರು ಸಿಗುವುದೇ ಕಷ್ಟ. ಹೊಸ ಸಸಿ ನೆಟ್ಟರೆ ಫಸಲಿಗೆ ಐದಾರು ವರ್ಷ ಕಾಯಬೇಕು. ಇಂಥ ತೋಟವನ್ನು, ಓದಿನಲ್ಲಿ ಸೋತೆನೆಂದು ಮನಸ್ಸು ಮುದುಡಿಕೊಂಡ ಹುಡುಗನ ಕೈಗೆ ಕೊಟ್ಟರೆ ತೋಟವೂ ಉಳಿಯದು, ಹುಡುಗನೂ ಗೆಲುವಾಗಲಾರ.

ತೋಟಕ್ಕೂ ಓದು ಬೇಕು

ಮಣ್ಣು ಪರೀಕ್ಷೆಯ ವರದಿ ಓದುವುದು, ರೋಗದ ಲಕ್ಷಣ ಗುರುತಿಸುವುದು, ಕೂಲಿ ಗೊಬ್ಬರಗಳ ಲೆಕ್ಕ ಇಡುವುದು, ಕಾಫಿ, ಕಾಳುಮೆಣಸುಗಳಲ್ಲಿ ಯಾವುದನ್ನು ಎಷ್ಟು ಬೆಳೆಯಬೇಕೆಂದು ತೀರ್ಮಾನಿಸುವುದು ಇವೆಲ್ಲ ಕಲಿತೇ ಮಾಡಬೇಕಾದ ಕೆಲಸಗಳು. ಕಲಿಯುವ ಅವಕಾಶವೂ ದೂರವಿಲ್ಲ. ಮೂಡಿಗೆರೆಯಲ್ಲಿ ತೋಟಗಾರಿಕೆ ಕಾಲೇಜು, ಪೊನ್ನಂಪೇಟೆಯಲ್ಲಿ ಅರಣ್ಯ ಕಾಲೇಜು ಇವೆ. ಎರಡೂ ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯಕ್ಕೆ ಸೇರಿದವು. ಪದವಿಯ ಅವಧಿ ನಾಲ್ಕು ವರ್ಷ. ಎಸ್ಸೆಸ್ಸೆಲ್ಸಿ ಮುಗಿಸಿದವರಿಗೆ ಕೃಷಿ ವಿಶ್ವವಿದ್ಯಾಲಯಗಳು ಕನ್ನಡ ಮಾಧ್ಯಮದಲ್ಲೇ ಎರಡು ವರ್ಷದ ಕೃಷಿ ಡಿಪ್ಲೊಮಾ ನಡೆಸುತ್ತವೆ.

ಬಾಳೆಹೊನ್ನೂರಿನ ಸಮೀಪ 1925ರಲ್ಲಿ ಆರಂಭವಾದ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯಿದೆ. ವಿಜ್ಞಾನ ಪದವೀಧರರಿಗೆ ಕಾಫಿ ಮಂಡಳಿ ನಡೆಸುವ ಕಾಫಿ ಗುಣಮಟ್ಟ ನಿರ್ವಹಣೆಯ ಸ್ನಾತಕೋತ್ತರ ಡಿಪ್ಲೊಮಾ ಒಂದು ವರ್ಷದ್ದು. ಕಾಫಿ ರುಚಿ ನೋಡಿ ದರ್ಜೆ ನಿರ್ಧರಿಸುವುದೂ ಒಂದು ವೃತ್ತಿಯೆಂಬುದು ಕಾಫಿ ಬೆಳೆಯುವ ಎಷ್ಟೋ ಮನೆಗಳಿಗೇ ತಿಳಿದಿಲ್ಲ.

ತೋಟದ ಹೊರಗೂ ಹತ್ತಿರದಲ್ಲೇ ದಾರಿಗಳಿವೆ. ಕೊಪ್ಪದ ಆಯುರ್ವೇದ ಕಾಲೇಜಿನಲ್ಲಿ ಬಿ.ಎ.ಎಂ.ಎಸ್. ಓದಬಹುದು, ಪ್ರವೇಶಕ್ಕೆ ನೀಟ್ ಬರೆಯಬೇಕು. ಶೃಂಗೇರಿಯ ಕೇಂದ್ರೀಯ ಸಂಸ್ಕೃತ ವಿಶ್ವವಿದ್ಯಾಲಯದ ರಾಜೀವ್ ಗಾಂಧಿ ಆವರಣದಲ್ಲಿ ಸಂಸ್ಕೃತ ಪದವಿಯೊಂದಿಗೆ ಶಿಕ್ಷಕ ತರಬೇತಿಯೂ ಸಿಗುತ್ತದೆ.

ಪಿ.ಯು.ಸಿ. ವಿಷಯ: ಎಚ್ಚರ

ಪಿ.ಯು.ಸಿ.ಯಲ್ಲಿ ಜೀವಶಾಸ್ತ್ರ ಬಿಟ್ಟು ಕಂಪ್ಯೂಟರ್ ವಿಜ್ಞಾನ ತೆಗೆದುಕೊಂಡರೆ ತೋಟಗಾರಿಕೆ, ಆಯುರ್ವೇದಗಳ ಬಾಗಿಲು ಬಹುಮಟ್ಟಿಗೆ ಮುಚ್ಚಿದಂತೆಯೇ. ಪಕ್ಕದ ಮನೆಯ ಹುಡುಗ ತೆಗೆದುಕೊಂಡನೆಂದು ಅರ್ಜಿ ತುಂಬುವ ಮೊದಲು ಇದನ್ನು ಯೋಚಿಸಬೇಕು.

ಸಿ.ಇ.ಟಿ.ಯಲ್ಲಿ ಒಂದರಿಂದ ಹತ್ತನೇ ತರಗತಿವರೆಗೆ ಗ್ರಾಮೀಣ ಶಾಲೆಯಲ್ಲಿ ಓದಿದವರಿಗೆ, ಹಾಗೆಯೇ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಮೀಸಲು ಸೀಟುಗಳಿವೆ. ಕೃಷಿ ಕೋರ್ಸುಗಳಲ್ಲಿ ಕೃಷಿಕರ ಮಕ್ಕಳಿಗೆ ಪ್ರತ್ಯೇಕ ಕೋಟಾ ಇದ್ದು, ಅದಕ್ಕೆ ಪ್ರಾಯೋಗಿಕ ಪರೀಕ್ಷೆಯೂ ಉಂಟು. ವ್ಯಾಸಂಗ ಪ್ರಮಾಣಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಸಹಿ, ಆದಾಯ ಪತ್ರಕ್ಕೆ ತಾಲ್ಲೂಕು ಕಚೇರಿ ಎಂದು ಕೊನೆಗಳಿಗೆಯಲ್ಲಿ ಓಡಾಡುವ ಬದಲು ಪೋಷಕರು ಈಗಲೇ ಕಾಗದಪತ್ರ ಹೊಂದಿಸಿಕೊಳ್ಳುವುದು ಲೇಸು.

ಖರ್ಚಿನ ಲೆಕ್ಕದಲ್ಲೂ ಎಚ್ಚರ ಬೇಕು. ಧಾರಣೆ ಏರಿದ ವರ್ಷದ ಆದಾಯ ನಂಬಿ ನಾಲ್ಕು ವರ್ಷದ ಫೀಸು, ಹಾಸ್ಟೆಲ್ ಖರ್ಚನ್ನು ಒಪ್ಪಿಕೊಂಡವರು, ಬೆಳೆ ಕೈಕೊಟ್ಟ ವರ್ಷ ತೋಟದ ಮೇಲೆ ಸಾಲ ಮಾಡಬೇಕಾಗುತ್ತದೆ. ಬೆಳೆ ಕಡಿಮೆಯಾದ ವರ್ಷದ ಆದಾಯವನ್ನೇ ಆಧಾರವಾಗಿಟ್ಟು ಯೋಜನೆ ಹಾಕಬೇಕು. ಮೊದಲ ಆಯ್ಕೆ ಸಿಗದಿದ್ದರೆ ಎರಡನೆಯದು ಯಾವುದೆಂಬುದೂ ಮೊದಲೇ ತೀರ್ಮಾನವಾಗಿರಬೇಕು.

ಇನ್ನೊಂದು ಮಾತು. ‘ತೋಟ ಇದೆಯಲ್ಲ’ ಎಂದು ಹೆಣ್ಣುಮಕ್ಕಳಿಗೆ ಹೇಳುವವರು ಅಪರೂಪ. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಕಾಯ್ದೆ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಕೊಟ್ಟಿದೆ. ಗಿಡ ಮರಗಳಲ್ಲಿ ಆಸಕ್ತಿಯಿರುವ ಮಗಳನ್ನು ತೋಟಗಾರಿಕೆ ಓದಿಸುವ ಮಾತನ್ನು ಮನೆಯವರು ಯಾಕೆ ಎತ್ತಬಾರದು?

ಅರ್ಜಿ ತುಂಬುವ ಮೊದಲು ಒಂದು ದಿನ ಬಿಡುವು ಮಾಡಿಕೊಂಡು ಮಕ್ಕಳನ್ನು ಶೃಂಗೇರಿಯ ಅಡಿಕೆ ಸಂಶೋಧನಾ ಕೇಂದ್ರಕ್ಕೋ, ಇಷ್ಟಪಡುವ ಕಾಲೇಜಿಗೋ ಕರೆದುಕೊಂಡು ಹೋಗುವುದು ಒಳ್ಳೆಯದು. ಅಲ್ಲಿ ಪ್ರಶ್ನೆ ಕೇಳುವ ಕೆಲಸವನ್ನು ಮಕ್ಕಳಿಗೇ ಬಿಡಬೇಕು. ಅವರು ಏನು ಕೇಳುತ್ತಾರೆ, ಯಾವುದರ ಮುಂದೆ ಹೆಚ್ಚು ಹೊತ್ತು ನಿಲ್ಲುತ್ತಾರೆ ಎಂಬುದನ್ನು ಗಮನಿಸಿದರೆ ಅಂಕಪಟ್ಟಿ ಹೇಳದ ಎಷ್ಟೋ ಸಂಗತಿ ತಂದೆ ತಾಯಿಗೆ ತಿಳಿಯುತ್ತದೆ.