ಎಲುಬೂ ಬಾವಿಯ ನೀರೂ

ಮುಪ್ಪಿನಲ್ಲಿ ಬೆನ್ನು ಬಾಗುವುದು ಸಹಜವೆಂದು ಸುಮ್ಮನಿರುವವರೇ ಬಹಳ. ವಾಸ್ತವವಾಗಿ ಎಲುಬು ಕಲ್ಲಿನಂತೆ ಜಡವಸ್ತುವಲ್ಲ. ಹಳೆಯದು ಕರಗಿ ಹೊಸದು ಕೂಡುವ ಕಾರ್ಯ ಅದರಲ್ಲಿ ಜೀವಮಾನವೆಲ್ಲ ನಡೆದಿರುತ್ತದೆ. ಸುಮಾರು ಮೂವತ್ತರ ವಯಸ್ಸಿನವರೆಗೆ ಗಳಿಕೆ ಮಿಗಿಲು. ಅನಂತರ ನಷ್ಟವೇ ಹೆಚ್ಚು. ಮುಟ್ಟು ನಿಂತ ಬಳಿಕ ಕೆಲವು ವರ್ಷ ಸ್ತ್ರೀಯರಲ್ಲಿ ಈ ನಷ್ಟ ತೀವ್ರವಾಗುತ್ತದೆ. ಒಳಗೆ ಟೊಳ್ಳಾಗುತ್ತಿದ್ದರೂ ನೋವಿಲ್ಲ. ಬಚ್ಚಲಿನಲ್ಲಿ ಜಾರಿ ಮಣಿಕಟ್ಟೋ ತೊಡೆಯ ಮೇಲ್ತುದಿಯೋ ಮುರಿದಾಗಲೇ ಎಷ್ಟೋ ಮನೆಗಳಲ್ಲಿ ರೋಗದ ಅರಿವಾಗುವುದು. ವೈದ್ಯರು ಇದನ್ನು ಆಸ್ಟಿಯೋಪೊರೋಸಿಸ್ ಎನ್ನುತ್ತಾರೆ.

ಇಷ್ಟು ಎಲ್ಲ ಊರಿಗೂ ಸಲ್ಲುವ ಮಾತು. ಕೊಪ್ಪಳ ಸೀಮೆಯವರಿಗೆ ಇನ್ನೊಂದನ್ನು ಹೇಳಲೇಬೇಕು. ಗಂಗಾವತಿಯ ಬಯಲಿಗೆ ತುಂಗಭದ್ರೆಯ ಕಾಲುವೆ ಹರಿದಿದೆ; ಕುಷ್ಟಗಿ, ಯಲಬುರ್ಗಾಗಳ ಹಳ್ಳಿಗಳಾದರೋ ಬಹುಕಾಲ ಬಾವಿಯನ್ನೇ ನಂಬಿದವು. ಅಲ್ಲಿಯ ಗಟ್ಟಿ ಬಂಡೆಯ ಆಳದ ನೀರಿನಲ್ಲಿ ಹಲವೆಡೆ ಫ್ಲೋರೈಡ್ ಮಿತಿಮೀರಿದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರು ಕುಡಿಯಲು ಯೋಗ್ಯವಲ್ಲ. ಮಕ್ಕಳ ಹಲ್ಲಿನ ಕಂದು ಗೆರೆಯೇ ಅದರ ಮೊದಲ ಸೂಚನೆ. ವರ್ಷಗಟ್ಟಲೆ ಕುಡಿದವರ ಕೀಲುಗಳು ಬಿಗಿಯುತ್ತವೆ, ಬೆನ್ನು ಸೆಟೆಯುತ್ತದೆ.

ಇಲ್ಲೊಂದು ವಿಚಿತ್ರವಿದೆ. ಇದೇ ಫ್ಲೋರೈಡನ್ನು ಟೊಳ್ಳೆಲುಬಿಗೆ ಮದ್ದೆಂದು ಕೊಟ್ಟವರೂ ಉಂಟು! ಅಮೆರಿಕೆಯ ಮೇಯೋ ಕ್ಲಿನಿಕ್ಕಿನ ವೈದ್ಯರು 202 ಸ್ತ್ರೀಯರಲ್ಲಿ ನಾಲ್ಕು ವರ್ಷ ಪರೀಕ್ಷಿಸಿ 1990ರಲ್ಲಿ ಫಲವನ್ನು ಪ್ರಕಟಿಸಿದರು. ಮದ್ದು ಸೇವಿಸಿದವರ ಬೆನ್ನೆಲುಬಿನ ಸಾಂದ್ರತೆಯೇನೋ ಮೂರನೆಯ ಒಂದು ಪಾಲಿಗೂ ಮಿಕ್ಕಿ ಏರಿತು. ಆದರೆ ಕೈಕಾಲು ಮೊದಲಾದ ಬೇರೆ ಎಲುಬುಗಳು ಮುರಿಯುವುದು ಹೆಚ್ಚಾಯಿತು. ದಪ್ಪವಾದ ಎಲುಬೆಲ್ಲ ಗಟ್ಟಿಯಾದ ಎಲುಬಲ್ಲ. ಫ್ಲೋರೈಡಿನ ಊರಿನಲ್ಲಿ ಎಲುಬಿನ ಚಿತ್ರವನ್ನೋದುವ ವೈದ್ಯನು ಮೊದಲು ರೋಗಿಯ ಬಾವಿಯನ್ನು ವಿಚಾರಿಸಬೇಕಾಗಿರುವುದು ಇದಕ್ಕಾಗಿಯೇ.

ಊಟದಲ್ಲಿ ಸುಣ್ಣದಂಶ ಕಡಮೆಯಾದಷ್ಟೂ ಫ್ಲೋರೈಡಿನ ಉಪದ್ರವ ಹೆಚ್ಚು. ಜೋಳದಲ್ಲಿ ಅದು ಅಲ್ಪ. ರಾಗಿಯಲ್ಲಿ ಅದರ ಹತ್ತರಷ್ಟು. ಎಳ್ಳಿನ ನೂರು ಗ್ರಾಮಿನಲ್ಲಿ ಸಾವಿರ ಮಿಲಿಗ್ರಾಮಿಗೂ ಹತ್ತಿರ. ಸಂಕ್ರಾಂತಿಗೆ ಸಜ್ಜೆರೊಟ್ಟಿಗೆ ಎಳ್ಳು ಹಚ್ಚಿದ ಅಜ್ಜಿಯರು ಈ ಲೆಕ್ಕ ಹಾಕಿರಲಿಕ್ಕಿಲ್ಲ. ಆ ರೊಟ್ಟಿ ಹಬ್ಬಕ್ಕೊಮ್ಮೆ ಮಾತ್ರ ಏಕೆಂಬುದೇ ಪ್ರಶ್ನೆ. ಹಾಲು, ಮಜ್ಜಿಗೆ, ಸೊಪ್ಪು, ಮೈಗೆ ಬಿಸಿಲು, ಕಾಲಿಗೆ ನಡಿಗೆ ಇವೂ ಬೇಕು. ಹೊಗೆಸೊಪ್ಪು ಬೇಡ.

ನೀರನ್ನು ಕಾಯಿಸಿದರೆ ದೋಷ ಹೋಗುತ್ತದೆಂಬ ನಂಬಿಕೆ ಇಲ್ಲಿ ಸಲ್ಲದು. ಆವಿಯಾಗುವುದು ನೀರು; ಫ್ಲೋರೈಡ್ ಪಾತ್ರೆಯಲ್ಲೇ ಉಳಿದು ದಟ್ಟವಾಗುತ್ತದೆ. ಪರೀಕ್ಷೆಯಲ್ಲಿ ಕೆಟ್ಟದ್ದೆಂದು ತಿಳಿದ ಬಾವಿಯ ನೀರು ಬಟ್ಟೆ ಒಗೆಯಲು, ಮೀಯಲು ಸಾಕು. ಕುಡಿಯಲಿಕ್ಕೂ ಅಡಿಗೆಗೂ ನದಿಯ ನೀರು, ಕೂಡಿಟ್ಟ ಮಳೆಯ ನೀರು, ಇಲ್ಲವೆ ಊರಿನ ಶುದ್ಧೀಕರಣ ಘಟಕದ ನೀರನ್ನೇ ತರಬೇಕು; ಮನೆಯಲ್ಲಿ ಬಸುರಿಯೂ ಹಾಲುಹಲ್ಲಿನ ಕೂಸೂ ಇದ್ದರಂತೂ ಮೊದಲ ಕೊಡ ಅವರಿಗೆ.