ಐದು ಮೂರು ಕೂಡಿದರೆ ಐವತ್ತಮೂರು
ವೆಬ್ ಪುಟದಲ್ಲಿ ಎರಡು ಖಾಲಿ ಚೌಕ, ಪಕ್ಕದಲ್ಲಿ ‘ಕೂಡಿಸು’ ಎಂಬ ಬಟನ್. ಜಾವಾಸ್ಕ್ರಿಪ್ಟ್ ಕಲಿಯಲು ಕೂತವರು ಶುರುವಿನಲ್ಲೇ ಕಟ್ಟಿ ನೋಡುವ ಆಟಿಕೆ ಇದು. ಬಟನ್‌ಗೆ ಸ್ವಂತ ಬುದ್ಧಿ ಇಲ್ಲ, ಕ್ಲಿಕ್ ಆದಾಗ ಯಾವ ಫಂಕ್ಷನ್ ಓಡಬೇಕೆಂದು ನಾವೇ ಹೇಳಿಕೊಡಬೇಕು. ಹೇಳಿಕೊಟ್ಟು, 5 ಮತ್ತು 3 ತುಂಬಿಸಿ ಒತ್ತಿದರೆ ಉತ್ತರ 53! ಚೌಕದೊಳಗೆ ಬರೆದದ್ದು ಕೋಡ್‌ನ ಕೈಗೆ ಬರುವುದು ಬರೀ ಅಕ್ಷರವಾಗಿ. ಅಕ್ಷರ ಕಂಡರೆ ಪ್ಲಸ್ ಚಿಹ್ನೆ ಕೂಡುವುದಿಲ್ಲ, ಒಂದರ ಬೆನ್ನಿಗೆ ಇನ್ನೊಂದನ್ನು ಅಂಟಿಸುತ್ತದೆ. ತಮಾಷೆಯೆಂದರೆ, ಗುಣಿಸುವ ಬಟನ್ ಇವೇ ಅಕ್ಷರಗಳಿಂದ ತೆಪ್ಪಗೆ 15 ಕೊಡುತ್ತದೆ. ಬ್ರೆಂಡನ್ ಐಕ್ 1995ರಲ್ಲಿ ನೆಟ್‌ಸ್ಕೇಪ್‌ಗಾಗಿ ಈ ಭಾಷೆಯ ಮೊದಲ ರೂಪವನ್ನು ಹತ್ತೇ ದಿನದಲ್ಲಿ ಹೊಸೆದರು. ಆ ಅವಸರದ ಗುರುತು ಇನ್ನೂ ಅಳಿಸಿಲ್ಲ ಎಂಬುದು ನನ್ನ ಗುಮಾನಿ. ಚೌಕದ ಅಕ್ಷರಗಳನ್ನು ಕೂಡುವ ಮೊದಲು ‘ನಂಬರ್’ ಎಂಬ ಫಂಕ್ಷನ್‌ಗೆ ಹಾಯಿಸಿ ತಂದರೆ ಸರಿಯಾಗಿ 8 ಸಿಗುತ್ತದೆ. ಆದರೆ ಕನ್ನಡದ ೫ ಬರೆದು ನೋಡಿ: ಇದು ಸಂಖ್ಯೆಯೇ ಅಲ್ಲ ಎಂದು ಮುಖ ತಿರುಗಿಸುತ್ತದೆ! ಹಾಗಂತ ಕೈಚೆಲ್ಲಬೇಕಿಲ್ಲ. ಯುನಿಕೋಡ್‌ನಲ್ಲಿ ನಮ್ಮ ಅಂಕಿಗಳು ೦ಯಿಂದ ೯ರವರೆಗೆ ಸಾಲಾಗಿ ಕೂತಿವೆ. ಸೊನ್ನೆಯ ಸಂಕೇತ 3302, ಐದರದು 3307. ಕಳೆದರೆ ಮುಗಿಯಿತು, ಎರಡು ಸಾಲಿನ ಕೆಲಸ. ಕನ್ನಡದ ಫಾರಂಗಳಲ್ಲಿ ಅದನ್ನೂ ಮಾಡದಿರುವುದು ಸೋಮಾರಿತನವಲ್ಲದೆ ಮತ್ತೇನು? ಪೈಸೆ ಲೆಕ್ಕಕ್ಕೆ ಬಂದರೆ ಬೇರೆಯೇ ಕಿತಾಪತಿ. 0.1ಕ್ಕೆ 0.2 ಕೂಡಿದರೆ ಪರದೆಯ ಮೇಲೆ 0.30000000000000004. ದ್ವಿಮಾನ ಪದ್ಧತಿಯಲ್ಲಿ 0.1 ಕರಾರುವಾಕ್ಕಾಗಿ ಹಿಡಿಸುವುದಿಲ್ಲ. ಅದಕ್ಕೇ ಬಿಲ್ ಹಾಕುವ ಪುಟ ಬರೆಯುವ ಅನುಭವಸ್ಥರು ರೂಪಾಯಿಯನ್ನು ಪೈಸೆ ಮಾಡಿಕೊಂಡು, ಪೂರ್ಣಾಂಕದಲ್ಲೇ ಕೂಡಿ, ತೋರಿಸುವಾಗ ಮಾತ್ರ ನೂರರಿಂದ ಭಾಗಿಸುತ್ತಾರೆ.